ಅಜ್ಜ ಇಳಿಯುವ ವೇಗ

ಮಾರ್ಗಶಿರದ ಮೊದಲ ಮಂಗಳವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಅಜ್ಜ ತಳ ಮುಟ್ಟಿದ. ಬಿಸಿಲಿನ ಫಲಕಗಳು ಕೆಲಸ ಶುರು ಮಾಡುವುದು ಏಳು ಗಂಟೆಗೆ. ನಡುವಿನ ಐವತ್ತು ನಿಮಿಷ ಹಿರೇಬಂಡಿ ಕಾಲೊನಿಯ ಮುನ್ನೂರ ಎಂಬತ್ತು ಮನೆಗಳಲ್ಲಿ ಕರೆಂಟು ಇರಲಿಲ್ಲ.

ನಮ್ಮ ಮನೆಯಲ್ಲಿ ಅಪ್ಪನ ಉಸಿರಿನ ಮಷಿನ್ ನಿಂತಿತು. ಅದು ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಮೂಗಿನ ನಳಿಕೆಗೆ ಕೊಡುವ ಯಂತ್ರ. ಕರೆಂಟು ಹೋದರೆ ಇರಲಿ ಎಂದು ಆಸ್ಪತ್ರೆಯವರು ಒಂದು ಸಣ್ಣ ಸಿಲಿಂಡರ್ ಕೊಟ್ಟಿದ್ದರು. ಅದು ನಲವತ್ತು ನಿಮಿಷ ಬಂತು. ಉಳಿದ ಹತ್ತು ನಿಮಿಷ ಅಪ್ಪ ಹೊಸ್ತಿಲ ಮೇಲೆ ಕೂತು, ಎರಡೂ ಕೈ ಮೊಣಕಾಲಿಗೆ ಊರಿ, ಬಾಯಿ ತೆರೆದು ಪೂರ್ವದ ಕಡೆ ನೋಡುತ್ತಿದ್ದನಂತೆ. ನಾನು ಆಗ ಕಂಟ್ರೋಲ್ ರೂಮಿನಲ್ಲಿ ಪಾಳಿಯ ಮೇಲಿದ್ದೆ. ಇದನ್ನು ಹೇಳಿದ್ದು ಪಕ್ಕದ ಮನೆಯ ಕಾಶಿಂಬಿ. ಆ ಹತ್ತು ನಿಮಿಷವೂ ಅವಳು ಅಪ್ಪನ ಬೆನ್ನು ಸವರುತ್ತ ನಿಂತಿದ್ದಳು.

ಅಜ್ಜ ಎಂದರೆ ಮನುಷ್ಯನಲ್ಲ, ಸಾವಿರ ಟನ್ ತೂಕದ ಒಂದು ಪೆಟ್ಟಿಗೆ. ನಮ್ಮ ಬಂಗಾರದ ಗಣಿ ಮುಚ್ಚಿ ಹದಿನೆಂಟು ವರ್ಷವಾಯಿತು. ಪ್ರತಿ ಊರೂ ತನ್ನ ರಾತ್ರಿಯ ಕರೆಂಟನ್ನು ತಾನೇ ಹಗಲಿನಲ್ಲಿ ಕೂಡಿಟ್ಟುಕೊಳ್ಳಬೇಕು ಎಂಬ ಕಾಯ್ದೆ ಬಂದಾಗ ಬೇರೆ ಊರಿನವರು ಬ್ಯಾಟರಿ ತಂದರು. ನಮ್ಮಲ್ಲಿ ಒಂದು ಕಿಲೋಮೀಟರ್ ಆಳದ ಗಣಿಬಾವಿ ಖಾಲಿ ಬಿದ್ದಿತ್ತು. ಗಣಿಯಿಂದ ತೆಗೆದು ಗುಡ್ಡ ಹಾಕಿದ್ದ ಕಲ್ಲುಪುಡಿಯನ್ನೇ ಕಬ್ಬಿಣದ ಪೆಟ್ಟಿಗೆಗೆ ತುಂಬಿ, ಹನ್ನೆರಡು ಉಕ್ಕಿನ ಹಗ್ಗ ಕಟ್ಟಿ, ಬಾವಿಯಲ್ಲಿ ತೂಗುಬಿಟ್ಟರು. ಹಗಲು ಬಿಸಿಲಿನ ಕರೆಂಟು ಅದನ್ನು ಮೇಲಕ್ಕೆ ಎಳೆಯುತ್ತದೆ. ಸಂಜೆ ಐದರಿಂದ ಅದು ನಿಧಾನವಾಗಿ ಕೆಳಗಿಳಿಯುತ್ತ ಜನರೇಟರನ್ನು ತಿರುಗಿಸುತ್ತದೆ. ವಯಸ್ಸಾದವರು ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆಂದು ಹೆಂಗಸರು ಅದಕ್ಕೆ ಅಜ್ಜ ಎಂದು ಹೆಸರಿಟ್ಟರು. ಈಗ ಕರೆಂಟು ನೋಡಿಕೊಳ್ಳುವ ಸಮಿತಿಯ ಕಾಗದಪತ್ರದಲ್ಲೂ ಅದೇ ಹೆಸರು.

ಅಜ್ಜ ಒಂದು ಮೀಟರ್ ಇಳಿದರೆ ಎರಡೂವರೆ ಯೂನಿಟ್ ಕರೆಂಟು. ಅವನು ಇಳಿಯಬಹುದಾದ ಆಳ ಒಂಬೈನೂರ ಅರವತ್ತು ಮೀಟರ್. ಅಂದರೆ ರಾತ್ರಿಗೆ ಎರಡು ಸಾವಿರದ ನಾನೂರು ಯೂನಿಟ್. ಎಷ್ಟು ಇಳಿದ ಎಂಬುದು ಯೂನಿಟ್. ಎಷ್ಟು ಬೇಗ ಇಳಿಯುತ್ತಿದ್ದಾನೆ ಎಂಬುದು ಕಿಲೋವ್ಯಾಟ್. ಸೆಕೆಂಡಿಗೆ ಐದು ಸೆಂಟಿಮೀಟರ್ ಅವನ ಮಿತಿ. ಅದು ನಾನೂರ ಐವತ್ತು ಕಿಲೋವ್ಯಾಟಿಗೆ ಸಮ. ಮಿತಿ ದಾಟಿದರೆ ಬ್ರೇಕು ತಾನಾಗಿ ಹಿಡಿಯುತ್ತದೆ, ಕಾಲೊನಿಗೆ ಹದಿನೈದು ನಿಮಿಷ ಕತ್ತಲು. ಜನರಿಗೆ ಗೊತ್ತಾಗಲಿ ಎಂದು ಬಾವಿಯ ಮೇಲಿನ ಕಬ್ಬಿಣದ ಗೋಪುರಕ್ಕೆ ಗಡಿಯಾರದಂಥ ದೊಡ್ಡ ಫಲಕ ಹಾಕಿದ್ದಾರೆ. ಹತ್ತೊಂಬತ್ತು ಬೀದಿಗೂ ಕಾಣುತ್ತದೆ. ಅದಕ್ಕೆ ಎರಡು ಮುಳ್ಳು. ಕೆಂಪು ಮುಳ್ಳು ವೇಗ ತೋರಿಸುತ್ತದೆ, ಕಪ್ಪು ಮುಳ್ಳು ಆಳ ತೋರಿಸುತ್ತದೆ.

ಕೆಂಪು ಮುಳ್ಳು ಯಾರೋ ಒಲೆ ಹಚ್ಚಿದ ಕೂಡಲೇ ಹಾರುತ್ತದೆ, ಆರಿಸಿದ ಕೂಡಲೇ ಇಳಿಯುತ್ತದೆ. ಕಪ್ಪು ಮುಳ್ಳು ನೋಡುತ್ತ ನಿಂತರೆ ಅಲುಗಿದ್ದೇ ಕಾಣುವುದಿಲ್ಲ. ಹೀಗಾಗಿ ಊರಿಗೆ ಊರೇ ಕೆಂಪು ಮುಳ್ಳನ್ನು ನೋಡಿಕೊಂಡು ಬದುಕುವುದನ್ನು ಕಲಿಯಿತು. ಮೊದಲ ವರ್ಷ ಬ್ರೇಕು ಇಪ್ಪತ್ತಾರು ಸಲ ಹಿಡಿದಿತ್ತು. ಆಮೇಲೆ ಬಿಲ್ಲೆಯ ಪದ್ಧತಿ ಬಂತು. ಗಣಿಯ ಉಗ್ರಾಣದಲ್ಲಿ ಸಂಖ್ಯೆ ಹೊಡೆಯದ ಹಿತ್ತಾಳೆ ಬಿಲ್ಲೆಗಳು ಉಳಿದಿದ್ದವು. ಬೀದಿಗೆ ಐದರಂತೆ ಅವನ್ನು ಹಂಚಿದರು. ಬಾಗಿಲಿಗೆ ಬಿಲ್ಲೆ ತೂಗುಹಾಕಿದ ಮನೆಯವರು ಮಾತ್ರ ಒಲೆ, ಇಸ್ತ್ರಿ, ನೀರಿನ ಹೀಟರ್ ಹಚ್ಚಬೇಕು. ಕೆಲಸ ಮುಗಿದ ಮೇಲೆ ಬಿಲ್ಲೆ ಪಕ್ಕದ ಮನೆಗೆ ಹೋಗುತ್ತದೆ. ಬಿಲ್ಲೆ ಇಲ್ಲದೆ ಇಸ್ತ್ರಿ ಮಾಡಿದವರ ಬಟ್ಟೆ ನೋಡಿ ಜನ ನಗುತ್ತಾರೆ. ನಾಲ್ಕು ವರ್ಷದಿಂದ ಬ್ರೇಕು ಒಂದು ಸಲವೂ ಹಿಡಿದಿಲ್ಲ.

ಮನೆಗಳಲ್ಲಿ ಯೂನಿಟ್ ಎಣಿಸುವ ಮೀಟರೇ ಇಲ್ಲ. ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಆಗೆಲ್ಲ ಬೆಳಗಿನ ಹೊತ್ತಿಗೆ ಅಜ್ಜ ತಳದಿಂದ ಐವತ್ತು ಅರವತ್ತು ಮೀಟರ್ ಮೇಲೇ ಇರುತ್ತಿದ್ದ.

*

ಅದೇ ಮಂಗಳವಾರ ನಾಲ್ಕು ಗಂಟೆಗೆ ಸಮಿತಿ ಸೇರಿತು. ಸಭೆ ನಡೆಯುವುದು ಕಂಟ್ರೋಲ್ ರೂಮಿನಲ್ಲೇ. ಅದು ಹಿಂದೆ ವೈಂಡರ್ ಕೋಣೆಯಾಗಿತ್ತು. ಗಣಿಗೆ ಇಳಿಯುವವರ ಪಂಜರವನ್ನು ಏರಿಸಿ ಇಳಿಸುವ ಯಂತ್ರಕ್ಕೆ ವೈಂಡರ್ ಎನ್ನುತ್ತಿದ್ದರು. ಗೋಡೆಯ ಮೇಲೆ ಆ ಕಾಲದ ಮರದ ಹಲಗೆ ಹಾಗೇ ಇದೆ. ಸಾಲುಸಾಲಾಗಿ ಮೊಳೆ, ಮೊಳೆಗೊಂದು ಸಂಖ್ಯೆ, ಸಂಖ್ಯೆಗೊಂದು ಹಿತ್ತಾಳೆ ಬಿಲ್ಲೆ. ಕೆಳಗೆ ಇಳಿಯುವವನು ತನ್ನ ಬಿಲ್ಲೆ ತೆಗೆದುಕೊಂಡು ಹೋಗುತ್ತಿದ್ದ, ಮೇಲೆ ಬಂದು ತೂಗುಹಾಕುತ್ತಿದ್ದ. ಹಲಗೆಯ ತುದಿಯಲ್ಲಿ ಬಿಳಿ ಬಣ್ಣದಲ್ಲಿ ಬರೆದಿದೆ: ಮೊಳೆ ಖಾಲಿ ಇದ್ದರೆ ವೈಂಡರ್ ನಿಲ್ಲಿಸಬಾರದು. ಅಲ್ಲಲ್ಲಿ ಕೆಲವು ಮೊಳೆ ಖಾಲಿ ಇವೆ. ಅದನ್ನು ದಿನಾ ನೋಡುತ್ತಿದ್ದೆ, ಯಾಕೆ ಎಂದು ಕೇಳಿರಲಿಲ್ಲ.

“ಏನವ್ವ ಹಂಪಮ್ಮ, ಅಜ್ಜಗ ಏನಾತು?” ಎಂದರು ಪಂಪನಗೌಡರು. ಅವರು ಸಮಿತಿಯ ಅಧ್ಯಕ್ಷರು. ಗಣಿಯಲ್ಲಿ ಪಾಳಿಯ ಮೇಸ್ತ್ರಿಯಾಗಿದ್ದವರು. ಎಷ್ಟೇ ಸೆಖೆಯಿದ್ದರೂ ಕೊರಳಿಗೆ ಮಫ್ಲರ್ ಸುತ್ತಿಕೊಂಡೇ ಇರುತ್ತಾರೆ.

ನಾನು ಬಾಯಿ ತೆರೆಯುವ ಮೊದಲೇ ನನ್ನ ಜೊತೆಯ ಆಪರೇಟರ್ ಮಾನಪ್ಪ, “ಅಜ್ಜಗ ಏನೂ ಆಗಿಲ್ರಿ. ನಾವಽ ತಿಂದದ್ದು ಹೆಚ್ಚಾತು” ಎಂದ.

“ಯಾರು ತಿಂದ್ರು, ಅದನ್ನ ಹೇಳಪ.”

ಮನೆಮನೆಯ ಉಪಕರಣಗಳ ಪಟ್ಟಿ ನನ್ನ ಕೈಯಲ್ಲಿತ್ತು. ಅದನ್ನು ಮಾಡಿದ್ದು ನಾನೇ. ಎಲ್ಲಕ್ಕಿಂತ ಮೇಲಿದ್ದ ಸಾಲು: ಏಳನೇ ಬೀದಿ, ಹನ್ನೊಂದನೇ ಮನೆ, ಕಾಶಿಂಬಿ, ರೊಟ್ಟಿಯ ದೊಡ್ಡ ತವಾ, ಎರಡು ಸಾವಿರ ವ್ಯಾಟ್. ಬೇರೆಯವರ ಒಲೆಯೂ ಹೆಚ್ಚುಕಡಿಮೆ ಅಷ್ಟೇ ಎಳೆಯುತ್ತಿತ್ತು, ಆದರೆ ಅವರು ಬಿಲ್ಲೆಯನ್ನು ಇಪ್ಪತ್ತು ನಿಮಿಷಕ್ಕೆ ಬಿಟ್ಟುಕೊಡುತ್ತಿದ್ದರು. ಅವಳು ನಲವತ್ತು ಮನೆಗೆ ಜೋಳದ ರೊಟ್ಟಿ ಮಾಡಿಕೊಡುವುದರಿಂದ ಬೀದಿಯ ಒಪ್ಪಿಗೆಯಿಂದ ಒಂದೂವರೆ ಗಂಟೆ ಇಟ್ಟುಕೊಳ್ಳುತ್ತಿದ್ದಳು.

ಗೌಡರು ಪಟ್ಟಿ ನೋಡಿ ಕಾಶಿಂಬಿಯ ಕಡೆ ನೋಡಿದರು.

“ಯಾಕ್ರಿ ಗೌಡ್ರ, ಹಂಗ ನೋಡ್ತೀರಿ?” ಎಂದಳು ಕಾಶಿಂಬಿ. “ನಿಮ್ಮ ಮನಿಗೂ ದಿನಾ ಎಂಟು ರೊಟ್ಟಿ ಬರ್ತಾವು. ತಿನ್ನೋವಾಗ ವ್ಯಾಟ್ ಎಣಿಸಿ ತಿಂತೀರೇನು?”

ಜನ ನಕ್ಕರು. ಗೌಡರೂ ನಕ್ಕರು. ಆಮೇಲೆ ಅವರು, “ಬಿಲ್ಲೆ ಇಲ್ದ ನೀ ಒಂದು ದಿನಾನೂ ತವಾ ಹಚ್ಚಿಲ್ಲ, ಅದು ನನಗ ಗೊತ್ತೈತವ್ವ. ಆದ್ರ ಎರಡು ಸಾವಿರ ಅಂದ್ರ ಸಣ್ಣ ಮಾತಲ್ಲ. ಇವತ್ತ ಕೆಲವರ ಉಸಿರು ಹತ್ತು ನಿಮಿಷ ನಿಂತೈತಿ. ಚಳಿ ಏರಿ ಹೊತ್ತು ಸಣ್ಣದಾದ್ರ ಹತ್ತು ಹೋಗಿ ಅರ್ಧ ತಾಸು ಆಗ್ತೈತಿ. ಏನಾರ ಒಂದು ಮಾಡಬೇಕಲ್ಲ?” ಎಂದರು.

“ಆ ಹತ್ತು ನಿಮಿಷ ನಾ ಅಲ್ಲೇ ಇದ್ದೆ. ನೀವು ಇರಲಿಲ್ಲ.”

ಆದರೂ ಸಂಕ್ರಾಂತಿಯವರೆಗೆ ಕಾಶಿಂಬಿಗೆ ಬಿಲ್ಲೆ ಇಲ್ಲ ಎಂದು ತೀರ್ಮಾನವಾಯಿತು. ಪಟ್ಟಿಯ ಕೆಳಗೆ ನಾನು ಸಹಿ ಹಾಕಿದೆ. ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಏನೆಂದು ತಿಳಿಯಲಿಲ್ಲ. ನನಗೇ ತಿಳಿಯದ್ದನ್ನು ಸಭೆಯಲ್ಲಿ ಎದ್ದು ಹೇಳುವುದು ಹೇಗೆ?

ಕಾಶಿಂಬಿ ಬಿಲ್ಲೆಯನ್ನು ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟು ಹೋದಳು.

*

ಮರುದಿನ ಮಧ್ಯಾಹ್ನ ಅಪ್ಪ ಮತ್ತು ನಾನು ಉಣ್ಣುತ್ತಿದ್ದೆವು. ಅನ್ನ ಮಾಡಿದ್ದೆ. ಅಪ್ಪನ ಮಷಿನ್ ಮೂಲೆಯಲ್ಲಿ ಗುಂಯ್ ಎನ್ನುತ್ತಿತ್ತು. ಅಪ್ಪ, ಅಂದರೆ ದುರುಗಪ್ಪ, ಇಪ್ಪತ್ತೆರಡು ವರ್ಷ ಗಣಿಯೊಳಗೆ ಕಲ್ಲು ಕೊರೆಯುವ ಕೆಲಸ ಮಾಡಿದವನು. ಆ ಪುಡಿ ಎದೆಯೊಳಗೆ ಕೂತು ಗಟ್ಟಿಯಾಗುತ್ತದೆ. ಕೆಲವರಿಗೆ ಬೇಗ ಗೊತ್ತಾಗುತ್ತದೆ, ಕೆಲವರಿಗೆ ಹತ್ತು ಹದಿನೈದು ವರ್ಷದ ಮೇಲೆ.

“ಕಾಶಿಂಬಿ ಬಿಲ್ಲೆ ಕಸಕೊಂಡ್ರಂತ?” ಎಂದು ಕೇಳಿದ.

“ಹೂಂ.”

“ನೀ ಕೊಟ್ಟ ಪಟ್ಟಿ ನೋಡಿ?”

“ಹೂಂ.”

ಅಪ್ಪ ಒಂದು ತುತ್ತು ನುಂಗಿ, ಎರಡು ಸಲ ಉಸಿರು ಎಳೆದುಕೊಂಡ. ಅವನ ಮಾತು ಈಗ ಹಾಗೇ, ನಡುವೆ ತಡೆದು ಬರುತ್ತದೆ. “ಆ ಪಟ್ಟ್ಯಾಗ ನಾ ಅದೀನೇನು?”

“ನೀ ಯಾಕಪ್ಪ ಇರ್ತಿ? ಐನೂರು ವ್ಯಾಟಿನ ಒಳಗಿಂದು ನಾ ಬರಕೊಂಡಿಲ್ಲ. ಅದು ಸಣ್ಣ ಹೊರೆ.”

“ಹಂಗಾದ್ರ ನಾ ಸಣ್ಣಾವ.” ಅಪ್ಪ ನಕ್ಕ. ನಗು ಕೆಮ್ಮಾಯಿತು. “ಹಗಲಿ ರಾತ್ರಿ ಇದು ಒದರತೈತಿ. ಮಗ್ಗುಲು ಮನಿಯವರಿಗೆ ನಿದ್ದಿ ಇಲ್ಲ. ಆದ್ರೂ ಸಣ್ಣಾವ.”

ಅಪ್ಪ ತಮಾಷೆಗೆ ಹೇಳಿದ್ದು. ನಾನು ತಟ್ಟೆ ಬಿಟ್ಟು ಎದ್ದು ಮಷಿನ್ನಿನ ಹಿಂದಿನ ಚೀಟಿ ನೋಡಿದೆ. ಮುನ್ನೂರ ಐವತ್ತು ವ್ಯಾಟ್. ಅಜ್ಜ ಇಳಿಯುವ ಹೊತ್ತು ಸಂಜೆ ಐದರಿಂದ ಬೆಳಿಗ್ಗೆ ಏಳು, ಹದಿನಾಲ್ಕು ಗಂಟೆ. ಎರಡನ್ನೂ ಗುಣಿಸಿದರೆ ನಾಲ್ಕು ಸಾವಿರದ ಒಂಬೈನೂರು. ಅಂದರೆ ಹತ್ತಿರಹತ್ತಿರ ಐದು ಯೂನಿಟ್. ಮೀಟರಿಗೆ ಎರಡೂವರೆ ಯೂನಿಟ್‌ನಂತೆ, ಎರಡು ಮೀಟರ್. ಕಾಶಿಂಬಿಯದು ಎರಡು ಸಾವಿರ ವ್ಯಾಟ್, ಒಂದೂವರೆ ಗಂಟೆ, ಮೂರು ಯೂನಿಟ್. ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್.

ನಲವತ್ತು ಮನೆಯ ರೊಟ್ಟಿಗಿಂತ ನನ್ನ ಅಪ್ಪ ಒಬ್ಬನೇ ಅಜ್ಜನನ್ನು ಹೆಚ್ಚು ಆಳಕ್ಕೆ ಇಳಿಸುತ್ತಿದ್ದ.

ನಂಬಿಕೆಯಾಗಲಿಲ್ಲ. ಇನ್ನೊಂದು ಕಾಗದದಲ್ಲಿ ಮತ್ತೆ ಮಾಡಿದೆ, ಯೂನಿಟ್‌ನಿಂದ ಹಿಂದಕ್ಕೆ ಹೋಗಿ ಮೂರನೇ ಸಲ ಮಾಡಿದೆ. ಅದೇ ಬಂತು. ನಾನು ಸಂಜೆ ಪಾಲಿಟೆಕ್ನಿಕ್ಕಿಗೆ ಹೋಗುತ್ತಿದ್ದಾಗ ಮೇಷ್ಟ್ರೊಬ್ಬರು ಪ್ರತಿ ತರಗತಿಯಲ್ಲೂ ಹೇಳುತ್ತಿದ್ದರು: ಎಷ್ಟು ಜೋರು ಎಂಬುದು ಒಂದು ಪ್ರಶ್ನೆ, ಎಷ್ಟು ಹೊತ್ತು ಎಂಬುದು ಇನ್ನೊಂದು, ಎರಡನ್ನೂ ಕೇಳದೆ ಉತ್ತರ ಬರೆಯಬೇಡಿ. ನನ್ನ ಪಟ್ಟಿಯನ್ನು ತೆಗೆದು ನೋಡಿದೆ. ಬೀದಿ, ಮನೆ, ಹೆಸರು, ಉಪಕರಣ, ವ್ಯಾಟ್. ಐದೇ ಕಾಲಂ. ಎಷ್ಟು ಹೊತ್ತು ಎಂಬ ಕಾಲಂ ಇರಲಿಲ್ಲ. ಕೆಂಪು ಮುಳ್ಳಿನ ಸಲುವಾಗಿ ಮಾಡಿದ ಪಟ್ಟಿ ಅದು. ಅದರಿಂದ ಕಪ್ಪು ಮುಳ್ಳಿನ ತಪ್ಪು ಹುಡುಕಲು ಹೋಗಿದ್ದೆವು. ಅದರ ಮೇಲೆ ನನ್ನ ಸಹಿ ಇತ್ತು.

“ಏನು ಬರಿಯಾಕತ್ತಿ?” ಎಂದ ಅಪ್ಪ.

“ಲೆಕ್ಕ.”

“ಅನ್ನ ತಣ್ಣಗಾತು.”

*

ಇಂಥ ಮಷಿನ್ ಕಾಲೊನಿಯಲ್ಲಿ ಎಷ್ಟಿವೆ ಎಂದು ಯಾರೂ ಎಣಿಸಿರಲಿಲ್ಲ. ಅಜ್ಜನನ್ನು ತೂಗುಹಾಕಿದ ವರ್ಷ ಒಂಬತ್ತು ಇದ್ದವು ಎಂಬುದು ಆಸ್ಪತ್ರೆಯ ಹಳೆಯ ದಾಖಲೆಯಲ್ಲಿ ಸಿಕ್ಕಿತು. ಈಗಿನದಕ್ಕೆ ನಾನೇ ಮನೆಮನೆಗೆ ಹೋದೆ. ಬುಧವಾರ, ಗುರುವಾರ, ಶುಕ್ರವಾರ, ಮೂರು ಮಧ್ಯಾಹ್ನ. ಜನ ಒಲೆ ತೋರಿಸಿದರು, ಹೀಟರ್ ತೋರಿಸಿದರು. ಉಸಿರಿನ ಮಷಿನ್ ಕೇಳಿದರೆ, “ಅದೇನು ಸಣ್ಣದವ್ವ, ಬರಕೊಳ್ಳೋದು ಬ್ಯಾಡ” ಎಂದರು. ಒಂದು ಮನೆಯಲ್ಲಿ ಅದರ ಮೇಲೆ ಕಸೂತಿಯ ಬಟ್ಟೆ ಹೊದಿಸಿ, ಮೇಲೊಂದು ಗಣಪತಿ ಇಟ್ಟಿದ್ದರು.

ಆರನೇ ಬೀದಿಯ ಹದಿನಾಲ್ಕನೇ ಮನೆ ಪಂಪನಗೌಡರದು. ಬಾಗಿಲು ತೆರೆದಾಗ ಅವರ ಕೊರಳಲ್ಲಿ ಮಫ್ಲರ್ ಇರಲಿಲ್ಲ, ಮೂಗಿನಲ್ಲಿ ನಳಿಕೆ ಇತ್ತು. ಅವರು ನನ್ನ ಕೈಯಲ್ಲಿದ್ದ ಪಟ್ಟಿ ನೋಡಿದರು.

“ಬರಕೋ,” ಎಂದರು ಕೊನೆಗೆ. “ರಾತ್ರಿ ಪೂರಾ ಬೇಕು. ಹೆಸರು ಮಾತ್ರ ಬ್ಯಾಡವ್ವ. ಮೇಸ್ತ್ರಿ ಕೆಮ್ಮತಾನಂದ್ರ ಮಾತು ಯಾರು ಕೇಳ್ತಾರ?”

ನಾನು ಎಲ್ಲರ ಹೆಸರನ್ನೂ ಹೊಡೆದು ಹಾಕಿ ಮನೆ ಸಂಖ್ಯೆ ಮಾತ್ರ ಇಟ್ಟುಕೊಂಡೆ. ಒಟ್ಟು ಅರವತ್ತೊಂದು ಮಷಿನ್. ರಾತ್ರಿಗೆ ಮುನ್ನೂರು ಯೂನಿಟ್. ನೂರ ಇಪ್ಪತ್ತು ಮೀಟರ್.

ಈ ಮೂರು ದಿನವೂ ಅಜ್ಜ ಬೆಳಗಿನ ಮೊದಲೇ ತಳ ಮುಟ್ಟಿದ. ಕಾಶಿಂಬಿಯ ತವಾ ತಣ್ಣಗಿತ್ತು, ಅಜ್ಜ ಆರು ಗಂಟೆ ಹನ್ನೊಂದು ನಿಮಿಷಕ್ಕೆ ತಳ ಮುಟ್ಟಿದ. ಒಂದು ನಿಮಿಷದ ಲಾಭ. ಅಪ್ಪ ಮೂರು ದಿನವೂ ಸಿಲಿಂಡರ್ ಮುಗಿದ ಮೇಲೆ ಹೊಸ್ತಿಲಿಗೆ ಬಂದು ಕೂತ. ಮೂರು ದಿನವೂ ಕಾಶಿಂಬಿ ಬಂದು ಬೆನ್ನು ಸವರಿದಳು. ಬಿಲ್ಲೆಯ ಮಾತು ಎತ್ತಲಿಲ್ಲ. ಅವಳ ಮುಖ ನೋಡಿ ಮಾತಾಡಲು ನನಗೆ ಆಗುತ್ತಿರಲಿಲ್ಲ.

ಶುಕ್ರವಾರ ಸಂಜೆ ಪಾಳಿಯಲ್ಲಿ ಮಾನಪ್ಪನಿಗೆ ಲೆಕ್ಕ ತೋರಿಸಿದೆ. ತಪ್ಪಿದ್ದರೆ ಹೇಳು ಎಂದೆ. ಅವನು ಬೆರಳಿಟ್ಟು ಒಂದೊಂದೇ ಸಾಲು ನೋಡಿದ.

“ಲೆಕ್ಕ ಬರೋಬ್ಬರಿ ಐತಿ,” ಎಂದ. “ಆದ್ರ ಇದನ್ನ ಸಭಾದಾಗ ಓದಿದ್ರ ಏನಾಗ್ತೈತಿ ಗೊತ್ತೇನು? ಕಾಶಿಂಬಿ ತವಾ ಬಿಟ್ಟು ಎಲ್ಲರೂ ನಿಮ್ಮಪ್ಪನ ಮೂಗು ನೋಡ್ತಾರ.”

“ಗೊತ್ತು.”

“ಓದಲಿಲ್ಲ ಅಂದ್ರ?”

“ಓದದಿದ್ರೂ ಅಜ್ಜ ಆರೂವರಿ ಮುಂಚೆ ತಳ ಮುಟ್ಟತಾನ. ತಪ್ಪು ಎಲ್ಲೈತಿ ಅಂತ ಗೊತ್ತಾಗದ ಅದನ್ನ ತಿದ್ದೋದು ಹೆಂಗ?”

ಮಾನಪ್ಪ ಕೆಂಪು ಮುಳ್ಳನ್ನು ನೋಡಿದ. ಏಳೂವರೆಯ ಹೊತ್ತು. ಮುಳ್ಳು ನಾನೂರ ಮೂವತ್ತರ ಹತ್ತಿರ ನಡುಗುತ್ತಿತ್ತು. “ಹತ್ತೊಂಬತ್ತು ಬೀದ್ಯಾಗ ಪಲ್ಯಕ್ಕ ಒಗ್ಗರಣಿ ಬಿತ್ತು,” ಎಂದ. ಅವನು ಪ್ರತಿ ಸಂಜೆ ಈ ಮಾತು ಹೇಳುತ್ತಾನೆ.

*

ಶನಿವಾರ ನಾಲ್ಕು ಗಂಟೆಗೆ ಸಭೆ ಕರೆಯಲು ನಾನೇ ಕೇಳಿದ್ದೆ. ಕೋಣೆ ತುಂಬಿತ್ತು. ಅಪ್ಪನೂ ಬಂದಿದ್ದ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಸಿಲಿಂಡರನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಬರಬೇಡ ಎಂದು ಹೇಳಿದ್ದೆ.

ನಾನು ಎದ್ದು ನಿಂತು ಓದಿದೆ. ಪಟ್ಟಿ ತಪ್ಪು, ತಪ್ಪು ನನ್ನದು, ಗಂಟೆಯ ಕಾಲಂ ಬಿಟ್ಟಿದ್ದೆ ಎಂದು ಮೊದಲು ಹೇಳಿದೆ. ಕಾಶಿಂಬಿಯ ತವಾದಿಂದ ಅಜ್ಜ ಇಳಿಯುವುದು ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್ ಎಂದೆ. ಉಸಿರಿನ ಮಷಿನ್‌ಗಳಿಂದ ನೂರ ಇಪ್ಪತ್ತು ಮೀಟರ್ ಎಂದೆ. ಆಮೇಲೆ ಮನೆ ಸಂಖ್ಯೆಗಳನ್ನು ಓದಿದೆ. ಮೊದಲನೇ ಬೀದಿ, ಮೂರು. ಮೊದಲನೇ ಬೀದಿ, ಹದಿನೇಳು. ಹೆಸರು ಓದದಿದ್ದರೂ ಯಾವುದು ಯಾರ ಮನೆ ಎಂದು ಎಲ್ಲರಿಗೂ ಗೊತ್ತಿತ್ತು. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಆರನೇ ಬೀದಿ, ಹದಿನಾಲ್ಕು ಎಂದಾಗ ಕೆಲವರು ತಿರುಗಿ ಗೌಡರನ್ನು ನೋಡಿದರು. ಗೌಡರು ಗೋಡೆ ನೋಡುತ್ತಿದ್ದರು. ಏಳನೇ ಬೀದಿ, ಹತ್ತು. ಅದು ನಮ್ಮ ಮನೆ.

ಓದಿ ಮುಗಿಸಿದ ಮೇಲೆ ಹಿಂದಿನಿಂದ ಯಾರೋ, “ಹಂಗಾದ್ರ ರಾತ್ರಿ ಹನ್ನೊಂದರಿಂದ ನಾಕರ ತನಾ ಆ ಮಷಿನ್ ಬಂದ್ ಇಟ್ರಾತು. ಮಲಗಿದವರಿಗೆ ಅಷ್ಟು ಉಸಿರು ಯಾಕ?” ಎಂದರು. ಕೆಟ್ಟ ದನಿಯಲ್ಲಿ ಹೇಳಿದ್ದಲ್ಲ. ನಿಜವಾಗಿ ಕೇಳಿದ ಹಾಗೆ ಇತ್ತು. ಇಬ್ಬರು ಮೂವರು ತಲೆಯಾಡಿಸಿದರು. ಆ ಐದು ಗಂಟೆಗೆ ಎಷ್ಟು ಮೀಟರ್ ಉಳಿಯುತ್ತದೆ ಎಂದು ನನ್ನ ತಲೆ ತಾನಾಗಿಯೇ ಲೆಕ್ಕ ಹಾಕಿತು. ನಲವತ್ತಮೂರು. ಈಗ ಬೆಳಗಿನ ಐವತ್ತು ನಿಮಿಷಕ್ಕೆ ಕೊರತೆ ಇರುವುದೂ ಸರಿಯಾಗಿ ನಲವತ್ತಮೂರು.

ಅಪ್ಪ ಕುರ್ಚಿ ಹಿಡಿದು ಎದ್ದ. ಗೋಡೆಯ ಹಲಗೆಯ ತನಕ ಎಂಟು ಹೆಜ್ಜೆ. ನಡುವೆ ಒಂದು ಸಲ ನಿಂತ. ಖಾಲಿ ಮೊಳೆಯೊಂದರ ಮೇಲೆ ಬೆರಳಿಟ್ಟ. ಅದರ ಸಂಖ್ಯೆ ನಾನೂರ ಹದಿನೇಳು.

“ಇದು ನಂದು,” ಎಂದ. “ಗಣಿ ಮುಚ್ಚಿದ ದಿನ ನಾವು ಒಳಗ ಇದ್ವಿ. ಮ್ಯಾಲ ಬರೋದ್ರಾಗ ಗೇಟಿಗೆ ಕೀಲಿ ಬಿದ್ದಿತ್ತು, ಹಲಗಿ ತನಾ ಬರಾಕ ಯಾರೂ ಬಿಡಲಿಲ್ಲ. ಬಿಲ್ಲೆ ನನ್ನ ಕಿಸೆದಾಗಽ ಉಳೀತು.” ಅಂಗಿಯ ಕಿಸೆಯಿಂದ ಅದನ್ನು ತೆಗೆದು ತೋರಿಸಿದ. ಹದಿನೆಂಟು ವರ್ಷ ಅದು ಮನೆಯಲ್ಲಿ ಎಲ್ಲಿತ್ತೋ ನನಗೆ ಗೊತ್ತಿಲ್ಲ. “ಮೊಳಿ ಖಾಲಿ ಐತಿ ಅಂದ್ರ ಏನು, ಗೌಡ್ರ? ನೀವು ಮೇಸ್ತ್ರಿ ಇದ್ರಿ. ನೀವಽ ಹೇಳ್ರಿ.”

ಗೌಡರು ಕೊರಳಿನ ಮಫ್ಲರ್ ಬಿಚ್ಚಿ ಮಡಿಸಿ ತೊಡೆಯ ಮೇಲಿಟ್ಟರು.

“ಮನಿಷ್ಯಾ ಇನ್ನೂ ಒಳಗ ಅದಾನ ಅಂತ,” ಎಂದರು.

“ಒಳಗ ಇದ್ರ?”

“ವೈಂಡರ್ ನಿಲ್ಲಿಸೂ ಹಂಗಿಲ್ಲ.”

ಅಪ್ಪನಿಗೆ ಮುಂದೆ ಹೇಳಲು ಉಸಿರಿರಲಿಲ್ಲ. ಮಾನಪ್ಪ ಕುರ್ಚಿ ತಂದು ಅಲ್ಲೇ ಇಟ್ಟ. ಹನ್ನೊಂದರಿಂದ ನಾಲ್ಕು ಎಂದವರು ಮತ್ತೆ ಆ ಮಾತು ಎತ್ತಲಿಲ್ಲ.

ಆಗ ಕಾಶಿಂಬಿ, “ಹಂಪಮ್ಮ, ನಿನ್ನ ಹೊಸಾ ಲೆಕ್ಕದಾಗ ಸಣ್ಣಾವಽ ದೊಡ್ಡವು ಅಲ್ಲೇನು?” ಎಂದು ಕೇಳಿದಳು. “ಹಂಗಾದ್ರ ಬರೀ ಉಸಿರಿನ ಮಷಿನ್ ಯಾಕ ನೋಡ್ತಿ? ನನ್ನ ಫ್ರಿಜ್ ರಾತ್ರಿ ಪೂರಾ ಗುರ್ ಅಂತೈತಿ. ಅದು ಎಷ್ಟು ಇಳಸತೈತಿ?”

ನಾನು ಅದನ್ನು ಲೆಕ್ಕ ಹಾಕಿರಲಿಲ್ಲ. ಎಲ್ಲರ ಎದುರು ಅಲ್ಲೇ ಹಾಕಿದೆ. ಕಾಲೊನಿಯಲ್ಲಿ ಸುಮಾರು ಇನ್ನೂರ ಹತ್ತು ಫ್ರಿಜ್. ಸರಾಸರಿ ನಲವತ್ತೈದು ವ್ಯಾಟ್ ಎಂದು ಹಿಡಿದರೆ ಐವತ್ತಮೂರು ಮೀಟರ್. ಯಾರೂ ನೋಡದಿದ್ದರೂ ಸಣ್ಣ ಕೆಂಪು ದೀಪ ಹಚ್ಚಿಕೊಂಡು ಕೂರುವ ಟಿವಿ, ಅದರ ಸೆಟ್‌ಟಾಪ್ ಪೆಟ್ಟಿಗೆ, ಪ್ಲಗ್ಗಿನಲ್ಲೇ ಬಿಟ್ಟ ಚಾರ್ಜರ್, ಎಲ್ಲ ಸೇರಿ ಮನೆಗೆ ಇಪ್ಪತ್ತೈದು ವ್ಯಾಟ್ ಎಂದರೆ ಇನ್ನೂ ಐವತ್ತಮೂರು. ಈ ಅಂದಾಜುಗಳಲ್ಲಿ ಹೆಚ್ಚುಕಡಿಮೆ ಇರಬಹುದು ಎಂದು ಆಗಲೇ ಹೇಳಿದೆ.

“ಮಧ್ಯಾಹ್ನ ಮೂರಕ್ಕ ಅಜ್ಜ ಮ್ಯಾಲ ಬಂದು ಕುಂತಿರ್ತಾನ,” ಎಂದಳು ಕಾಶಿಂಬಿ. “ಆಮ್ಯಾಲಿನ ಎರಡು ತಾಸು ಬಿಸಿಲು ಸುಮ್ನ ಹೋಗ್ತೈತಿ. ಆವಾಗ ಫ್ರಿಜ್ ಜೋರು ಮಾಡಿ ನಾಕು ಬಾಟ್ಲಿ ನೀರು ಗಡ್ಡಿ ಕಟ್ಟಿಸ್ರಿ. ಸಂಜಿಕ ಬಂದ್ ಮಾಡ್ರಿ. ಬಾಗಿಲಾ ತೆರೀಲಿಲ್ಲ ಅಂದ್ರ ಹಾಲು ಬೆಳತನಾ ಕೆಡೂದಿಲ್ಲ. ನಾ ಮೂರು ದಿನಾ ಮಾಡಿ ನೋಡೀನಿ. ತವಾ ಇರಲಿಲ್ಲ, ಕೈ ಸುಮ್ನಿರಬೇಕಲ್ಲ.”

ಯಾರೋ ಸಣ್ಣಗೆ ನಕ್ಕರು. ಗೌಡರು ಮೇಜಿನ ಖಾನೆಯಿಂದ ಕಾಶಿಂಬಿಯ ಬಿಲ್ಲೆ ತೆಗೆದು ಚಾಚಿದರು.

“ಮೊದಲು ನನ್ನ ರೊಟ್ಟಿ ಎಷ್ಟು ಮೀಟರ್, ಅದನ್ನ ಇನ್ನೊಮ್ಮಿ ಹೇಳಸ್ರಿ,” ಎಂದಳು ಅವಳು. ನಾನು ಹೇಳಿದೆ. ಅವಳು ಬಿಲ್ಲೆ ಇಸಿದುಕೊಂಡಳು.

*

ಆ ದಿನದಿಂದ ಇನ್ನೊಂದು ಪದ್ಧತಿ ಬಂತು. ಯಾರೂ ಠರಾವು ಮಾಡಿದ್ದಲ್ಲ. ಸಂಜೆ ಐದಕ್ಕೆ, ಅಜ್ಜ ಇಳಿಯುವ ಮೊದಲು, ಉಸಿರಿನ ಮಷಿನ್ ಇರುವ ಮನೆಯಿಂದ ಒಬ್ಬರು ಬಂದು ಹಲಗೆಯಿಂದ ತಮ್ಮವರ ಬಿಲ್ಲೆ ತೆಗೆದುಕೊಂಡು ಹೋಗುತ್ತಾರೆ. ಬೆಳಿಗ್ಗೆ ಫಲಕಗಳಿಗೆ ಬಿಸಿಲು ಬಿದ್ದ ಮೇಲೆ ತಂದು ತೂಗುಹಾಕುತ್ತಾರೆ. ಗೌರಮ್ಮ ಎಂಬವರು ಗಣಿಯ ಹೊರಗೆ ಕಲ್ಲು ಒಡೆಯುವ ಕೆಲಸದಲ್ಲಿದ್ದರು. ಹೊರಗಿನ ಹೆಂಗಸರಿಗೆ ಬಿಲ್ಲೆ ಇರಲಿಲ್ಲ, ಪುಡಿ ಮಾತ್ರ ಎಲ್ಲರಿಗೂ ಒಂದೇ. ಅವರಿಗೆ ಮಾನಪ್ಪ ಹೊಸ ಬಿಲ್ಲೆಗೆ ಸಂಖ್ಯೆ ಕೊರೆದು, ಹೊಸ ಮೊಳೆ ಹೊಡೆದುಕೊಟ್ಟ. ರಾತ್ರಿಯ ಪಾಳಿಯವರು ಅರವತ್ತೊಂದು ಮೊಳೆ ತುಂಬುವ ತನಕ ಮನೆಗೆ ಹೋಗುವಂತಿಲ್ಲ. ಅಪ್ಪನ ಮೊಳೆ ಮಾತ್ರ ಹಗಲಲ್ಲೂ ಖಾಲಿ ಇರುತ್ತಿತ್ತು. “ನಂದು ಆಮ್ಯಾಲ” ಎನ್ನುತ್ತಿದ್ದ. ಅದನ್ನು ಬಿಟ್ಟು ಎಣಿಸಿರಿ ಎಂದು ಗೌಡರು ಹೇಳಿದ್ದರು.

ಫ್ರಿಜ್ಜನ್ನು ಎಲ್ಲರೂ ಆರಿಸಲಿಲ್ಲ. ಟಿವಿಯ ಪ್ಲಗ್ಗನ್ನು ಎಲ್ಲರೂ ಕೀಳಲಿಲ್ಲ. ಮೊದಲ ವಾರ ಅಜ್ಜ ಎರಡು ಸಲ ತಳ ಮುಟ್ಟಿದ. ಹನ್ನೆರಡು ನಿಮಿಷ ಒಂದು ದಿನ, ನಾಲ್ಕು ನಿಮಿಷ ಇನ್ನೊಂದು ದಿನ. ಆಮೇಲೆ ಸಂಜೆ ಜಗಲಿಯಲ್ಲಿ ಕೂತವರು “ಅಜ್ಜ ಎಷ್ಟು ಜೋರು ಅದಾನ?” ಎನ್ನುವ ಬದಲು “ಅಜ್ಜ ಎಲ್ಲಿ ಮುಟ್ಟ್ಯಾನ?” ಎಂದು ಕೇಳತೊಡಗಿದ್ದನ್ನು ಗಮನಿಸಿದೆ. ಕೆಲವರು ಕಿಟಕಿಯ ಸರಳಿಗೆ ದಾರ ಕಟ್ಟಿ, ಅದರ ನೇರಕ್ಕೆ ಕಪ್ಪು ಮುಳ್ಳು ಬಂದದ್ದು ಎಷ್ಟು ಗಂಟೆಗೆ ಎಂದು ನೋಡುತ್ತಿದ್ದರು.

ವರ್ಷದ ಅತಿ ದೀರ್ಘ ರಾತ್ರಿ ನನ್ನದೇ ಪಾಳಿ. ಏನೂ ವಿಶೇಷ ನಡೆಯಲಿಲ್ಲ. ಬೆಳಿಗ್ಗೆ ಆರು ಗಂಟೆ ಐವತ್ತಕ್ಕೆ ಕಪ್ಪು ಮುಳ್ಳು ಒಂಬೈನೂರ ಮೂವತ್ತೇಳು ಮೀಟರ್ ತೋರಿಸುತ್ತಿತ್ತು. ಕಾಲೊನಿ ನೀರು ಕಾಯಿಸುತ್ತಿತ್ತು, ಬಿಲ್ಲೆಗಳು ಬಾಗಿಲಿಂದ ಬಾಗಿಲಿಗೆ ಹೋಗುತ್ತಿದ್ದವು. ಏಳಕ್ಕೆ ಮಂಜು. ಫಲಕಗಳು ಏಳಲಿಲ್ಲ. ನಾನು ಎದ್ದು ನಿಂತೆ. ಮಾನಪ್ಪ ತಮಾಷೆ ಮಾಡಲಿಲ್ಲ. ಏಳು ಗಂಟೆ ಆರು ನಿಮಿಷಕ್ಕೆ ಮೊದಲ ಸಾಲಿನ ಫಲಕಗಳಿಂದ ಕರೆಂಟು ಬಂತು. ಅಜ್ಜ ನಿಂತ. ಕಪ್ಪು ಮುಳ್ಳು ಒಂಬೈನೂರ ನಲವತ್ತಾರರ ಮೇಲಿತ್ತು. ತಳಕ್ಕೆ ಇನ್ನೂ ಹದಿನಾಲ್ಕು ಮೀಟರ್. ದಾಖಲೆ ಪುಸ್ತಕದಲ್ಲಿ ಬರೆದೆ, ಓದಿ ನೋಡಿದೆ, ಎದ್ದು ಹೋಗಿ ಮುಳ್ಳನ್ನು ಮತ್ತೊಮ್ಮೆ ನೋಡಿಬಂದೆ.

ಜನ ಒಬ್ಬೊಬ್ಬರಾಗಿ ಬಂದರು. ಗೌಡರು ತಮ್ಮ ಬಿಲ್ಲೆಯನ್ನು ತಾವೇ ತಂದು ತೂಗುಹಾಕಿದರು, ಮಫ್ಲರ್ ಇರಲಿಲ್ಲ. ಗೌರಮ್ಮನ ಮೊಮ್ಮಗಳು ಬಂದಳು. ಏಳೂ ಇಪ್ಪತ್ತಕ್ಕೆ ಹಲಗೆಯಲ್ಲಿ ಅರವತ್ತು ತುಂಬಿದವು. ನಾನು ಚೀಲ ತೆಗೆದುಕೊಂಡು ಹೊರಡಲು ಎದ್ದೆ.

ಬಾಗಿಲಲ್ಲಿ ಅಪ್ಪ ನಿಂತಿದ್ದ. ಒಂದು ಕೈ ಕಾಶಿಂಬಿಯ ಹೆಗಲ ಮೇಲಿತ್ತು, ಅವಳ ಕಂಕುಳಲ್ಲಿ ಸಿಲಿಂಡರ್ ಇತ್ತು. ನಮ್ಮ ಮನೆಯಿಂದ ಅಲ್ಲಿಗೆ ಇನ್ನೂರು ಹೆಜ್ಜೆ. ಎಷ್ಟು ಹೊತ್ತಿನಿಂದ ನಡೆದಿದ್ದರೋ.

ಅವನು ನನ್ನನ್ನು ನೋಡಲಿಲ್ಲ. ಹಲಗೆಯ ಹತ್ತಿರ ಹೋಗಿ, ಕಿಸೆಯಿಂದ ಬಿಲ್ಲೆ ತೆಗೆದು, ನಾನೂರ ಹದಿನೇಳರ ಮೊಳೆಗೆ ತೂಗುಹಾಕಿದ. ಅದು ಸ್ವಲ್ಪ ಹೊತ್ತು ಆಡಿ ನಿಂತಿತು.

“ಮ್ಯಾಲ ಬಂದೆ,” ಎಂದ.

ನಾನು ದಾಖಲೆ ಪುಸ್ತಕ ಮತ್ತೆ ತೆರೆದೆ. 417, ಬೆಳಿಗ್ಗೆ 7.26 ಎಂದು ಬರೆದು ಪಾಳಿ ಮುಗಿಸಿದೆ.